ಅಮ್ಮನಿಗೆ ‘ನ್ಯಾನೋ ಟೆಸ್ಟ್’ ಮಾಡಿಸಬೇಕಾ?

ಶಿರಸಿಯ ಓದುಗರೊಬ್ಬರ ಪತ್ರ: “ನ್ಯಾನೋ ಕಣ ಬಳಸಿ ರಕ್ತದಲ್ಲೇ ಕ್ಯಾನ್ಸರ್ ಕೋಶ ಹಿಡಿಯುತ್ತಾರಂತೆ. ಅಮ್ಮನಿಗೆ 58 ವರ್ಷ, ಆರೋಗ್ಯವಾಗಿದ್ದಾರೆ. ದೊಡ್ಡಮ್ಮನಿಗೆ ಸ್ತನ ಕ್ಯಾನ್ಸರ್ ಆಗಿತ್ತು. ಮುಂಜಾಗ್ರತೆಗೆ ಅಮ್ಮನಿಗೆ ಈ ಟೆಸ್ಟ್ ಮಾಡಿಸಬಹುದಾ?”

ಸಂಪಾದಕರ ಉತ್ತರ: ಸುದ್ದಿ ಸುಳ್ಳಲ್ಲ. ಆದರೆ ನಿಮ್ಮ ಅಮ್ಮನಿಗೆ ಬೇಕಿರೋದು ಈ ಟೆಸ್ಟ್ ಅಲ್ಲ.

ಗೆಡ್ಡೆಯಿಂದ ಕಳಚಿಕೊಂಡ ಕೋಶಗಳು ರಕ್ತದಲ್ಲಿ ಓಡಾಡುತ್ತವೆ ಅನ್ನೋದು ಹಳೇ ಸಂಗತಿ. ಆಸ್ಟ್ರೇಲಿಯಾದ ವೈದ್ಯ ಥಾಮಸ್ ಆಶ್‌ವರ್ತ್ 1869ರಲ್ಲೇ, ತೀರಿಹೋದ ರೋಗಿಯೊಬ್ಬರ ರಕ್ತದಲ್ಲಿ ಅಂಥ ಕೋಶ ಕಂಡಿದ್ದರು. ಕಷ್ಟ ಇರೋದು ಹುಡುಕೋದರಲ್ಲಿ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು 500 ಕೋಟಿ ಕೆಂಪು ಕಣಗಳಿರುತ್ತವೆ. ಅವುಗಳ ನಡುವೆ ಕ್ಯಾನ್ಸರ್ ಕೋಶ ಒಂದೋ ಎರಡೋ. ಎಷ್ಟೋ ಸಲ ಅದೂ ಇಲ್ಲ.

ನ್ಯಾನೋ ಕಣ ಕೆಲಸಕ್ಕೆ ಬರೋದು ಇಲ್ಲೇ. ಅಮೆರಿಕದಲ್ಲಿ 2004ರಲ್ಲಿ ಅನುಮತಿ ಸಿಕ್ಕ ‘ಸೆಲ್‌ಸರ್ಚ್’ ಪರೀಕ್ಷೆಯನ್ನೇ ನೋಡಿ. ಅದಕ್ಕೆ 7.5 ಮಿಲಿಲೀಟರ್ ರಕ್ತ ಸಾಕು. ಕಬ್ಬಿಣದ ಅಂಶವಿರುವ ಅತಿ ಸಣ್ಣ ಕಣಗಳನ್ನು ಅದಕ್ಕೆ ಬೆರೆಸುತ್ತಾರೆ. ಆ ಕಣಗಳಿಗೆ ಒಂದು ಆ್ಯಂಟಿಬಾಡಿ ಅಂಟಿಸಿರುತ್ತಾರೆ. ‘ಎಪ್‌ಕ್ಯಾಮ್’ ಅನ್ನುವ ಪ್ರೋಟೀನ್ ಸಿಕ್ಕರೆ ಅದು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಸ್ತನ, ಕರುಳು, ಪ್ರಾಸ್ಟೇಟ್ ಗೆಡ್ಡೆಗಳ ಕೋಶದ ಮೇಲೆ ಈ ಪ್ರೋಟೀನ್ ಜಾಸ್ತಿ. ರಕ್ತಕಣಗಳ ಮೇಲೆ ಸಾಮಾನ್ಯವಾಗಿ ಇರುವುದಿಲ್ಲ. ಆಮೇಲೆ ಅಯಸ್ಕಾಂತ ಹಿಡಿದರೆ ಕಣ ಅಂಟಿದ ಕೋಶಗಳು ಒಂದು ಪಕ್ಕಕ್ಕೆ ಬರುತ್ತವೆ. ಜೊತೆಗೆ ಒಂದಷ್ಟು ಬಿಳಿ ರಕ್ತಕಣಗಳೂ ಸುಮ್ನೆ ಬಂದು ಸೇರುತ್ತವೆ! ಹಾಗಾಗಿ ಹೊಳೆಯುವ ಬಣ್ಣ ಹಾಕಿ, ಯಾವುದು ಯಾವುದೆಂದು ನೋಡಿ ಎಣಿಸಬೇಕು.

ಎಣಿಸಿ ಏನು ಮಾಡುತ್ತಾರೆ? ಸ್ತನ ಕ್ಯಾನ್ಸರ್ ಆಗಲೇ ಬೇರೆ ಕಡೆ ಹರಡಿರುವವರಲ್ಲಿ ಐದು ಅಥವಾ ಅದಕ್ಕಿಂತ ಹೆಚ್ಚು ಕೋಶ ಸಿಕ್ಕರೆ ಕಾಯಿಲೆಯ ಜೋರು ಜಾಸ್ತಿ ಎಂದು ಅರ್ಥ. ಹಾಗಂತ ಚಿಕಿತ್ಸೆ ಸುಲಭವಾಗಲಿಲ್ಲ. ಕೀಮೋ ಶುರುವಾದ ಮೇಲೂ ಎಣಿಕೆ ಇಳಿಯದವರಿಗೆ ಬೇಗನೆ ಔಷಧಿ ಬದಲಿಸಿ ನೋಡಿದರು. ಆಯಸ್ಸು ಹೆಚ್ಚಲಿಲ್ಲ ಎಂದು 2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ಹೇಳಿತು. ವಾಟ್ಸಾಪ್‌ನಲ್ಲಿ ಓಡಾಡುವ ಸಂದೇಶಗಳಲ್ಲಿ ಇದು ಇರೋದೇ ಇಲ್ಲ, ಅಲ್ವಾ?

ಅಂದರೆ ಇದು ಕಾಯಿಲೆ ಇದೆ ಎಂದು ಗೊತ್ತಾದವರಿಗಾಗಿ ಮಾಡಿದ ಪರೀಕ್ಷೆ. ಆರಂಭದ ಹಂತದ ಗೆಡ್ಡೆ ಇದ್ದರೂ ಒಂದು ಟ್ಯೂಬ್ ರಕ್ತದಲ್ಲಿ ಒಂದೂ ಕೋಶ ಸಿಗದೆ ಹೋಗಬಹುದು. ಕೆಲವು ಕೋಶಗಳು ಎಪ್‌ಕ್ಯಾಮನ್ನೇ ಕಳಚಿಕೊಂಡು ತಪ್ಪಿಸಿಕೊಳ್ಳುತ್ತವೆ. ‘ಸೊನ್ನೆ’ ಎಂಬ ರಿಪೋರ್ಟ್ ನಂಬಿ ಅಮ್ಮ ನಿಶ್ಚಿಂತೆಯಿಂದ ಕೂತುಬಿಟ್ಟರೆ ಅದೇ ಅಪಾಯ.

ದುಡ್ಡನ್ನು ಮ್ಯಾಮೋಗ್ರಾಂಗೆ, ಅಂದರೆ ಸ್ತನದ ಎಕ್ಸ್‌ರೇಗೆ ಹಾಕಿ. ಒಡಹುಟ್ಟಿದ ಅಕ್ಕನಿಗೆ ಯಾವ ವಯಸ್ಸಿನಲ್ಲಿ ಕಾಯಿಲೆ ಬಂತು ಎಂದು ವೈದ್ಯರಿಗೆ ಮರೆಯದೆ ಹೇಳಲಿ. ದೊಡ್ಡಮ್ಮನ ಹಳೇ ರಿಪೋರ್ಟ್ ಮನೆಯಲ್ಲಿದ್ದರೆ ಅದನ್ನೂ ಜೊತೆಗೆ ಒಯ್ಯಿರಿ.