ಉಪಗ್ರಹವಿದ್ದರೂ ವಿಮಾನ ಏಕೆ ಏರಬೇಕು?

ಪ್ರಶ್ನೆ: ವಾಯುಮಂಡಲವನ್ನು ಅಳೆಯಲು ಇಷ್ಟೊಂದು ಉಪಗ್ರಹಗಳಿವೆ. ಆದರೂ ಉಪಕರಣ ತುಂಬಿದ ವಿಮಾನಗಳನ್ನು 20 ಕಿಲೋಮೀಟರ್ ಎತ್ತರಕ್ಕೆ ಕಳಿಸುವುದೇಕೆ? ಅಲ್ಲಿನ ತೆಳುಗಾಳಿಗೂ ನಮ್ಮ ಹವಾಮಾನಕ್ಕೂ ಏನು ಸಂಬಂಧ?
– ಪದವಿ ವಿದ್ಯಾರ್ಥಿನಿ, ಶಿರಸಿ

ಉತ್ತರ: ಮೊದಲು ಸಂಬಂಧದ ಮಾತು. ಅಷ್ಟೆತ್ತರದಲ್ಲಿರುವ ಸಮೋಷ್ಣ ಮಂಡಲದ (ಸ್ಟ್ರಾಟೋಸ್ಫಿಯರ್) ಕೆಳಭಾಗದಲ್ಲಿ ಹತ್ತು ಲಕ್ಷ ಅಣುಗಳಿಗೆ ನಾಲ್ಕೈದು ಮಾತ್ರ ನೀರಿನವು. ಆದರೂ ಅವು ಶಾಖ ಹಿಡಿದಿಡುವುದರಲ್ಲಿ ಗಟ್ಟಿಗರು. 2000ದ ನಂತರ ಅಲ್ಲಿನ ನೀರಾವಿ ಸುಮಾರು ಶೇ. 10ರಷ್ಟು ಇಳಿದದ್ದರಿಂದ ಆ ದಶಕದಲ್ಲಿ ಭೂಮಿ ಬಿಸಿಯೇರುವ ವೇಗ ಕಾಲು ಭಾಗದಷ್ಟು ತಗ್ಗಿತು ಎಂದು 2010ರ ಅಧ್ಯಯನವೊಂದು ಅಂದಾಜಿಸಿತು.

ಇನ್ನು ವಿಮಾನ. ನಮ್ಮ ಮುಂಗಾರಿನ ಮೇಲೆಯೇ ಇದಕ್ಕೆ ಒಳ್ಳೆಯ ಉದಾಹರಣೆಯಿದೆ. ಮಳೆಗಾಲದಲ್ಲಿ ಏಷ್ಯಾದ ಮೇಲೆ ಸುಮಾರು 13ರಿಂದ 18 ಕಿಲೋಮೀಟರ್ ಎತ್ತರದಲ್ಲಿ ಸೂಕ್ಷ್ಮ ಕಣಗಳ ಪದರವೊಂದು ಹರಡಿಕೊಳ್ಳುವುದನ್ನು ಕ್ಯಾಲಿಪ್ಸೊ ಉಪಗ್ರಹದ ಲೇಸರ್ ಕಂಡಿತ್ತು. 2011ರಲ್ಲಿ ಅದು ವರದಿಯಾಯಿತು. ಕಣಗಳು ಇವೆಯೆಂದು ಗೊತ್ತಾಯಿತು, ಯಾವುದರವು ಎಂದು ಆ ಲೇಸರ್ ಹೇಳಲಾರದು. ಗಂಧಕದ್ದಿರಬಹುದು, ದೂಳಿರಬಹುದು ಎಂಬ ಊಹೆಗಳೇ ಹೆಚ್ಚಾಗಿದ್ದವು.

2017ರ ಮಳೆಗಾಲದಲ್ಲಿ ಕಠ್ಮಂಡುವಿನಿಂದ ರಷ್ಯಾದ ಜಿಯೋಫಿಜಿಕಾ ವಿಮಾನ ಆ ಪದರವನ್ನೇ ಹೊಕ್ಕಿತು. ಅದರಲ್ಲಿ ಪೈಲಟ್ ಒಬ್ಬನಿಗಷ್ಟೇ ಜಾಗ. ವಿಜ್ಞಾನಿಗಳೆಲ್ಲ ನೆಲದ ಮೇಲೆ, ಉಪಕರಣಗಳು ತಮ್ಮ ಪಾಡಿಗೆ ತಾವು. ಕಣಗಳಲ್ಲಿ ಹೇರಳವಾಗಿ ಸಿಕ್ಕಿದ್ದು ಅಮೋನಿಯಾದಿಂದ ಹುಟ್ಟುವ ಲವಣ, ಅಮೋನಿಯಂ ನೈಟ್ರೇಟ್. ಹೊಲಗದ್ದೆಗೆ ಚೆಲ್ಲಿದ ಗೊಬ್ಬರದಿಂದ, ದನದ ಗಂಜಲದಿಂದ ಏಳುವ ಅಮೋನಿಯಾವನ್ನು ಮುಂಗಾರಿನ ದೈತ್ಯ ಮೋಡಗಳು ಅಲ್ಲಿಯವರೆಗೆ ಎತ್ತಿ ಒಯ್ದಿದ್ದವು. ಈ ಕಣಗಳು ಬಿಸಿಲನ್ನು ಸ್ವಲ್ಪ ಚದುರಿಸುತ್ತವೆ, ಹಿಮಮೋಡಗಳಿಗೆ ಬೀಜವೂ ಆಗಬಲ್ಲವು. ನಮ್ಮ ಯೂರಿಯಾ ಚೀಲದ ಲೆಕ್ಕ ಅಷ್ಟೆತ್ತರದಲ್ಲಿ ತೆರೆದುಕೊಂಡೀತೆಂದು ಯಾರು ಎಣಿಸಿದ್ದರು!

ಹಾಗೆಂದು ವಿಮಾನದ ಅಳತೆ ಸಲೀಸಲ್ಲ. ನೀರಾವಿಯನ್ನೇ ನೋಡಿ. ಕೆಳಗಿನ ತೇವದ ಗಾಳಿಯಲ್ಲಿ, ಉಪಕರಣಕ್ಕೆ ಗಾಳಿ ಒಯ್ಯುವ ಕೊಳವೆಯ ಒಳಗೋಡೆಗೆ ಅಂಟಿದ ನೀರು ಮೇಲೆ ಹೋದ ಮೇಲೆ ನಿಧಾನಕ್ಕೆ ಬಿಡಿಸಿಕೊಳ್ಳುತ್ತದೆ. ಅಲ್ಲಿರುವುದೇ ಹತ್ತು ಲಕ್ಷಕ್ಕೆ ನಾಲ್ಕೈದು ಪಾಲು. ಇದು ಇನ್ನೊಂದು ಪಾಲು ಸೇರಿಸಿದರೂ ಅಳತೆ ಕೆಟ್ಟಂತೆ. ಅದಕ್ಕೇ ಕೊಳವೆಯನ್ನು ಬಿಸಿ ಮಾಡಿ, ಗಾಳಿಯನ್ನು ರಭಸದಿಂದ ಹಾಯಿಸುತ್ತಾರೆ.

ಖರ್ಚೂ ವಿಪರೀತ. ಕಠ್ಮಂಡುವಿನಿಂದ ನಡೆದದ್ದು ಎಂಟೇ ಹಾರಾಟ. ಮುಂಗಾರು ಒಂದು ವರ್ಷದಂತೆ ಇನ್ನೊಂದು ವರ್ಷ ಇರುವುದಿಲ್ಲವಾದ್ದರಿಂದ ಉಪಗ್ರಹದ ದಿನನಿತ್ಯದ ಕಾವಲು ತಪ್ಪದು. ಇವೆರಡರ ನಡುವೆ ಬಲೂನುಗಳಿವೆ. ಇದೇ ಪದರವನ್ನು ಅರಸಿ ಇಸ್ರೊ ಮತ್ತು ನಾಸಾ ಸೇರಿ ಹೈದರಾಬಾದಿನ ಬಲೂನು ಕೇಂದ್ರದಿಂದಲೂ ಅವನ್ನು ಹಾರಿಸಿವೆ.