ಆ ನೀಲಿ ನೋಟ್‌ಬುಕ್ ಮನೆಯಲ್ಲೇ ಬಿಟ್ಟು ಹೋಗಿ

ನೀವು ಮುಂಬೈ ಹತ್ತಿರದ ಡೊಂಬಿವಲಿಯ ಕನ್ನಡ ಹೈಸ್ಕೂಲಿಗೆ ಹೊಸ ಹೆಡ್‌ಮಾಸ್ಟರ್, ಹತ್ತನೆಯ ರಿಸಲ್ಟ್ ಬಿದ್ದಿದೆ. ಜಾಣರಿಗೊಂದು ದಡ್ಡರಿಗೊಂದು ಸೆಕ್ಷನ್ ಮಾಡಲೋ, ಸಂಜೆ ಕ್ಲಾಸ್ ಇಡಲೋ, ಶಿಕ್ಷಕರಿಗೆ ತರಬೇತಿ ಕೊಡಿಸಲೋ ಅಂತ ಕೇಳಿದ್ದೀರಿ. ಓದಿ ನಗು ಬಂತು. 2012ರಲ್ಲಿ ನಾನೂ ಇದನ್ನೇ ಕಂಡಕಂಡವರಿಗೆಲ್ಲ ಕೇಳುತ್ತಿದ್ದೆ.

ನಮ್ಮದೂ ಮುಂಬೈ ಉಪನಗರದ ಶಾಲೆ. ಒಂದು ಕಾಲಕ್ಕೆ ಉಡುಪಿ ಹೋಟೆಲಿನವರ ಮಕ್ಕಳು ತುಂಬಿರುತ್ತಿದ್ದರಂತೆ. ನಾನು ಹೆಡ್ ಆಗುವ ಹೊತ್ತಿಗೆ ಅವರೆಲ್ಲ ಇಂಗ್ಲಿಷ್ ಮೀಡಿಯಂ ಸೇರಿಯಾಗಿತ್ತು. ಉಳಿದವರು ಕಲಬುರಗಿ, ಯಾದಗಿರಿಯಿಂದ ಗಾರೆ ಕೆಲಸಕ್ಕೆ ಬಂದವರ ಮಕ್ಕಳು. ಮನೆಯಲ್ಲಿ ಕನ್ನಡ, ಚಾಳಿನಲ್ಲಿ (ವಠಾರದಲ್ಲಿ) ಹಿಂದಿ, ಪರೀಕ್ಷೆಯಲ್ಲಿ ಮರಾಠಿಯೂ ಪಾಸಾಗಬೇಕು.

ಯಾವುದೋ ವರ್ಕ್‌ಶಾಪಿಗೆ ಹೋಗಿ ಬಂದೆ. ಬರೀ ಭಾಷಣ ಕೇಳಿಸಿದರೆ ಶಿಕ್ಷಕರು ಬದಲಾಗುವುದಿಲ್ಲ, ಅವರ ಕ್ಲಾಸಲ್ಲೇ ಕೂತು ಕೈಹಿಡಿಯಬೇಕು ಅಂದರು. ಮಾತು ಸರಿಯೇ. ನಾನು ಮಾಡಿದ್ದೇನು? ಸ್ಟೇಷನ್ ಹತ್ತಿರ ಒಂದು ನೀಲಿ ರಟ್ಟಿನ ನೋಟ್‌ಬುಕ್ ಕೊಂಡು, ಒಂಬತ್ತನೆಯ ಗಣಿತದ ಕ್ಲಾಸಿನ ಕೊನೆಯ ಬೆಂಚಿನಲ್ಲಿ ಕೂತೆ. ನಮ್ಮ ಗಣಿತದ ಸರ್ ಶಾಲೆಗೇ ಒಳ್ಳೆಯ ಮೇಷ್ಟ್ರು. 'ಬೋರ್ಡಿಗೆ ಮುಖ ಮಾಡಿ ಮಾತಾಡುತ್ತಾರೆ. ಹುಡುಗಿಯರನ್ನು ಪ್ರಶ್ನೆ ಕೇಳಲಿಲ್ಲ' ಅಂತ ಬರೆದುಕೊಂಡೆ. ಸಂಜೆ ಅವರನ್ನು ಕೂರಿಸಿ ಓದಿ ಹೇಳಿದೆ. "ಆಯ್ತು ಮೇಡಂ" ಅಂದರು.

ಮುಂದಿನ ಸಲ ಹೋದಾಗ ಕ್ಲಾಸ್ ಅದ್ಭುತ. ಹುಡುಗಿಯರ ಕೈ ಟಪಟಪ ಮೇಲೆ. ಮೂರನೇ ಸಲವೂ ಹಾಗೇ. ನಾನು ಉಬ್ಬಿಹೋದೆ. ಅಷ್ಟರಲ್ಲಿ ಪಕ್ಕದ ಹುಡುಗ ಪಿಸುಗುಟ್ಟಿದ, "ಬಾಯಿ, ನೀವು ಬಂದಾಗೆಲ್ಲ ಇದೇ ಲೆಕ್ಕ ಮಾಡಸ್ತಾರ್ರೀ. ನಮಗ ಬಾಯಿಪಾಠ ಆಗೇದ." (ಮುಂಬೈಯಲ್ಲಿ ಟೀಚರಮ್ಮನಿಗೆ ಬಾಯಿ ಅನ್ನುತ್ತಾರೆ.)

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಇಲ್ಲೇ ಎಡವುತ್ತೀರಿ. ನಾನು ಬರೆದದ್ದು ಸುಳ್ಳಲ್ಲ. ಆದರೆ ಅವರ ಕೆಲಸ ಹೇಗಿದೆ ಅಂತ ಗೋಪನೀಯ ವರದಿ ಬರೆಯುವವಳೂ ನಾನೇ. ಅಂಥವಳ ಮುಂದೆ ಯಾವ ಮೇಷ್ಟ್ರು 'ನನಗಿದು ಕೈಹತ್ತುತ್ತಿಲ್ಲ' ಅನ್ನುತ್ತಾರೆ? ನನ್ನ ಪಾಲಿಗೆ ಅದು ಸಹಾಯ, ಅವರ ಪಾಲಿಗೆ ತಪಾಸಣೆ. ನಿಜ ಸಂಗತಿ ಗೊತ್ತಾದದ್ದು ಅವರು ರಾಜೀನಾಮೆ ಕೊಟ್ಟ ದಿನ. ಅರ್ಧ ಕ್ಲಾಸಿಗೆ ಮೈನಸ್ ಲೆಕ್ಕವೇ ಬರುತ್ತಿರಲಿಲ್ಲವಂತೆ. ಎರಡು ವಾರ ಬೀಜಗಣಿತ ನಿಲ್ಲಿಸಿ ಹಿಂದಕ್ಕೆ ಹೋಗೋಣ ಅಂತ ಕೇಳಬೇಕೆಂದಿದ್ದರಂತೆ. "ನೀವು ಪೋರ್ಷನ್ ಎಷ್ಟಾಯ್ತು ಅಂತಲೂ ಬರೆದುಕೊಳ್ಳುತ್ತಿದ್ದಿರಲ್ಲ ಮೇಡಂ, ಸುಮ್ಮನಾದೆ." ಆ ವರ್ಷ ಒಂಬತ್ತನೆಯ ಕ್ಲಾಸಲ್ಲಿ ಹನ್ನೊಂದು ಮಕ್ಕಳು ಫೇಲು. ನಾಲ್ವರಿಗೆ ಹದಿನೇಳು ನಂಬರಿನ ಫಾರ್ಮ್ (ಹೊರಗಿನಿಂದ ಪರೀಕ್ಷೆ ಕಟ್ಟುವವರ ಅರ್ಜಿ) ತುಂಬಿಸಿ ಹತ್ತನೆಯನ್ನು ಖಾಸಗಿಯಾಗಿ ಕಟ್ಟಿಸಿದೆವು. ಅವರು ನಮ್ಮ ಶಾಲೆಯ ಲೆಕ್ಕಕ್ಕೆ ಬರದ ಕಾರಣ ನಮ್ಮ ರಿಸಲ್ಟ್ ಬೋರ್ಡಿಗೆ ಕಪ್ಪು ಹತ್ತಲಿಲ್ಲ, ನಾಚಿಕೆ ಮಾತ್ರ ಇನ್ನೂ ಹೋಗಿಲ್ಲ.

ಆಮೇಲೆ ಓದಿದೆ. ಶಿಕ್ಷಕರಿಗೆ ಕೋಚಿಂಗ್ ಬೇಕು, ಅಂದರೆ ಕ್ಲಾಸಲ್ಲೇ ಜೊತೆಗಿದ್ದು ಕೈಹಿಡಿಯಬೇಕು ಅಂತ 1980ರ ಸುಮಾರಿಗೆ ಹೇಳಿದವರು ಅಮೆರಿಕದ ಶಿಕ್ಷಣ ಸಂಶೋಧಕರಾದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್. ಅವರೇ 1996ರಲ್ಲಿ, ಪಾಠ ನೋಡಿ ಅಭಿಪ್ರಾಯ ಹೇಳುವುದನ್ನೇ ಬಿಟ್ಟುಬಿಟ್ಟೆವು, ಅದು ಮೌಲ್ಯಮಾಪನದ ಕಡೆಗೇ ಜಾರುತ್ತದೆ ಅಂತ ಬರೆದರು. ಪಾಠ ಮಾಡುವವರೇ ಕೋಚ್, ನೋಡುವವರು ಕಲಿಯುವವರು ಅಂದರು. ಹಣೆ ಚಚ್ಚಿಕೊಂಡೆ.

ಮರುವರ್ಷ ಒಂಬತ್ತಕ್ಕೆ ನಾನೇ ಇತಿಹಾಸ ತೆಗೆದುಕೊಂಡು, ಹೊಸದಾಗಿ ಬಂದ ಗಣಿತದ ಟೀಚರನ್ನು ನನ್ನ ಕ್ಲಾಸಲ್ಲಿ ಕೂರಿಸಿಕೊಂಡೆ. ಎರಡು ಸಲ ನಾನು ತಡವರಿಸಿದ್ದನ್ನು ಕಂಡ ಮೇಲೆ "ನನ್ನ ಕ್ಲಾಸಿಗೂ ಬನ್ನಿ" ಅಂತ ಆಕೆಯೇ ಕರೆದರು. ವಾರಕ್ಕೆ ಮೂರು ದಿನ ಎರಡು ಪೀರಿಯಡ್ ಸೇರಿಸಿ ಗಣಿತಕ್ಕೆ ಕೊಟ್ಟೆವು, ಮೊದಲ ತಿಂಗಳು ಬರೀ ಮೈನಸ್ಸು, ಭಿನ್ನರಾಶಿ. ದೀಪಾವಳಿಗೆ ಊರಿಗೆ ಹೋಗಿ ಬಾರದವರ ಮನೆಗೆ ಮೂರನೇ ದಿನವೇ ಫೋನು. ಪವಾಡವೇನೂ ಆಗಲಿಲ್ಲ. ಫೇಲಾದವರು ನಾಲ್ಕೇ.

ಹಾಗಾಗಿ ನಿಮ್ಮ ಪ್ರಶ್ನೆಯೇ ತಪ್ಪು ಅಂತೀನಿ. ಹತ್ತನೆಯನ್ನು ಬಿಡಿ, ಅಲ್ಲಿಗೆ ಬರುವ ಹೊತ್ತಿಗೆ ತಡವಾಗಿರುತ್ತದೆ. 2010ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಎಂಟರವರೆಗೆ ಯಾರನ್ನೂ ಫೇಲ್ ಮಾಡುವಂತಿರಲಿಲ್ಲ, ನಮ್ಮ ಮಕ್ಕಳು ಬಂದು ಡಿಕ್ಕಿ ಹೊಡೆಯುತ್ತಿದ್ದದ್ದು ಒಂಬತ್ತಕ್ಕೆ. ಶಿಕಾಗೋದಲ್ಲೂ 2005ರಲ್ಲಿ ಲೆಕ್ಕ ಹಾಕಿ ನೋಡಿದ್ದರು. ಒಂಬತ್ತನ್ನು ಸರಿಯಾಗಿ ದಾಟಿದವರು ಹೈಸ್ಕೂಲ್ ಮುಗಿಸುವ ಸಾಧ್ಯತೆ ಉಳಿದವರಿಗಿಂತ ಮೂರೂವರೆ ಪಟ್ಟು ಜಾಸ್ತಿ. ದಡ್ಡರ ಸೆಕ್ಷನ್ ಮಾತ್ರ ದಯವಿಟ್ಟು ಬೇಡ. ಆ ಬಾಗಿಲಿನೊಳಗೆ ಕೂತ ಮಗುವಿಗೆ ಅದರ ಹೆಸರು ಮೊದಲ ದಿನವೇ ಗೊತ್ತಾಗುತ್ತದೆ, ಅಲ್ವಾ?

ಸೋಮವಾರ ಒಂಬತ್ತನೆಯ ಗಣಿತದ ಸರ್ ಹತ್ತಿರ ಕೇಳಿಕೊಂಡು ಬರಿಗೈಯಲ್ಲಿ ಹೋಗಿ ಕೂತುಕೊಳ್ಳಿ. ಮೈನಸ್ ಏಳರಲ್ಲಿ ಮೈನಸ್ ಮೂರು ಕಳೆದರೆ ಎಷ್ಟು ಅಂತ ಪಕ್ಕದ ನಾಲ್ಕು ಮಕ್ಕಳನ್ನು ಸುಮ್ನೆ ಕೇಳಿ. ಸರಿಯುತ್ತರ ಮೈನಸ್ ನಾಲ್ಕು. ಮೈನಸ್ ಹತ್ತು ಅಂದವರು ಎಷ್ಟು ಜನ ಅಂತ ಮನಸ್ಸಲ್ಲೇ ಎಣಿಸಿಕೊಳ್ಳಿ, ಬರೆದುಕೊಳ್ಳಬೇಡಿ.