‘ಹೆಂಚು ನೋಡೋಕೆ ಹೋಗಿದ್ದೆ’ ಎಂದು ಇನ್ನೆಷ್ಟು ದಿನ ಹೇಳಲಿ?

ಪ್ರಶ್ನೆ: ಅಕ್ಕ, ನನಗೆ 44 ವರ್ಷ. ಶಿವಮೊಗ್ಗದ ಎಪಿಎಂಸಿ ಯಾರ್ಡಿನ ಒಂದು ಅಡಿಕೆ ಮಂಡಿಯಲ್ಲಿ 22 ವರ್ಷದಿಂದ ಗುಮಾಸ್ತ. ಮನೆ ಗಾಜನೂರು ಕಡೆ. ಕಿರ್ದಿ ಅಂದರೆ ದಿನದ ಲೆಕ್ಕ, ಖಾತೆ ಎಲ್ಲವನ್ನೂ ಕೈಯಲ್ಲೇ ಬರೆದವನು. ಜಿಎಸ್‌ಟಿ, ಬಿಲ್ಲು ಇವನ್ನೆಲ್ಲ ಹೊರಗಿನವರು ಬಂದು ಮಾಡಿಕೊಡುತ್ತಿದ್ದರು. ಮುಂದಿನ ಸುಗ್ಗಿಯಿಂದ ಪೂರ್ತಿ ಲೆಕ್ಕ ಕಂಪ್ಯೂಟರಿನಲ್ಲಿ, ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರಿನಲ್ಲೇ ಇರಬೇಕು ಎಂದು ಸಾಹುಕಾರರು ಹೇಳಿದರು. ದುರ್ಗಿಗುಡಿಯಲ್ಲಿ ಒಂದು ಕಡೆ ಸಂಜೆ ಕ್ಲಾಸಿಗೆ ಸೇರಿದೆ. ವಾರಕ್ಕೆ ನಾಲ್ಕು ದಿನ, ಆರೂವರೆಯಿಂದ ಎಂಟು ಗಂಟೆವರೆಗೆ. ಅಲ್ಲಿ ಎಲ್ಲರೂ ನನ್ನ ಮಗಳ ವಯಸ್ಸಿನವರು. ಮೌಸ್ ಹಿಡಿದಾಗ ನನ್ನ ಕೈ ನಡುಗಿದ್ದು ನೋಡಿ ಒಬ್ಬ ಹುಡುಗ ನಕ್ಕ. ಮಗಳು ಸೆಕೆಂಡ್ ಪಿಯುಸಿ ಕಾಮರ್ಸ್. ಅವಳಿಗೆ ಗೊತ್ತಾದರೆ ಏನಂದುಕೊಳ್ಳುತ್ತಾಳೋ ಎಂದು ಮನೆಯಲ್ಲಿ ಹೇಳಲೇ ಇಲ್ಲ.

ಅದೇ ಹೊತ್ತಿಗೆ ಮನೆ ರಿಪೇರಿ ಶುರುವಾಗಿತ್ತು. ಹಳೇ ಹೆಂಚಿನ ಮನೆ. ಅಡುಗೆಮನೆ ಮೇಲಿನ ಹೆಂಚು ಇಳಿಸಿ ಟಾರ್ಪಾಲ್ ಕಟ್ಟಿದ್ದೇವೆ. ತಡವಾಗಿ ಬಂದಾಗಲೆಲ್ಲ ‘ಹೆಂಚು ನೋಡೋಕೆ ಹೋಗಿದ್ದೆ’, ‘ಮರ ಕೇಳೋಕೆ ಹೋಗಿದ್ದೆ’ ಎನ್ನುತ್ತೇನೆ. ಹೀಗೇ ಮೂರು ತಿಂಗಳಾಯಿತು. ಕಾದು ಕಾದು ಆಚಾರಿ ಬೇರೆ ಕೆಲಸಕ್ಕೆ ಹೋದ. ನನ್ನ ಹೆಂಡತಿ ಜಾಣೆ, ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವವಳು. ಮೊನ್ನೆ ‘ಮೂರು ತಿಂಗಳಿಂದ ನೋಡ್ತಾನೇ ಇದ್ದೀರಿ, ಒಂದು ಹೆಂಚಾದರೂ ಸಿಕ್ಕಿತಾ?’ ಎಂದಳು. ಈಗ ಊಟಕ್ಕೂ ಕಾಯುವುದಿಲ್ಲ. ಅನ್ನ ಮುಚ್ಚಿಟ್ಟು ಮಲಗಿರುತ್ತಾಳೆ. ಕ್ಲಾಸ್ ಬಿಟ್ಟು ಮನೆ ಕೆಲಸ ಮುಗಿಸಲೇ? ಅಥವಾ ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಒಟ್ಟಿಗೇ ಹೇಳಲೇ? ಒಳ್ಳೆಯದಕ್ಕೆ ಹೇಳಿದ ಸುಳ್ಳು ತಪ್ಪಾ ಅಕ್ಕ?

ಉತ್ತರ: ಅಕ್ಕ ಎಂದು ಕರೆದಿದ್ದೀರಿ. ಅಕ್ಕನ ಹಾಗೆಯೇ ಹೇಳುತ್ತೇನೆ, ಮಾತು ಸ್ವಲ್ಪ ಗಟ್ಟಿ ಅನಿಸಿದರೆ ಬೇಜಾರು ಮಾಡಿಕೊಳ್ಳಬೇಡಿ. ಕ್ಲಾಸ್ ಬಿಡಬೇಡಿ. ಸರ್ಟಿಫಿಕೇಟ್ ಬರಲಿ ಎಂದು ಕಾಯಲೂ ಬೇಡಿ. ಇದನ್ನು ಓದಿದ ರಾತ್ರಿಯೇ ಹೆಂಡತಿಗೆ ಹೇಳಿ.

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ತುಂಬಾ ಕಡೆ ಟ್ಯಾಲಿ ಇದೆ, ಮನೆಯ ಮಾಡಿನ ಚಿಂತೆ ಇದೆ, ನಕ್ಕ ಹುಡುಗ ಇದ್ದಾನೆ. ಹೆಂಡತಿ ಊಟಕ್ಕೆ ಕಾಯುವುದಿಲ್ಲ ಅನ್ನುವುದು ಕೊನೆಯಲ್ಲಿ ಒಂದೇ ಸಾಲು. ನನಗೆ ಆ ಸಾಲು ದಾಟಿ ಮುಂದೆ ಹೋಗಲು ಆಗಲಿಲ್ಲ. ‘ಒಂದು ಹೆಂಚಾದರೂ ಸಿಕ್ಕಿತಾ’ ಎಂದು ಕೇಳುವವರೆಗೆ ಅವರಿಗೆ ನಿಮ್ಮ ಮೇಲೆ ಸಿಟ್ಟಿತ್ತು. ಸಿಟ್ಟಿದ್ದಾಗ ಮಾತಿರುತ್ತದೆ. ಈಗ ಅನ್ನ ಮುಚ್ಚಿಟ್ಟು ಮಲಗುತ್ತಾರೆ ಎಂದರೆ ಕೇಳುವುದನ್ನೂ ಬಿಟ್ಟಿದ್ದಾರೆ. ಸಂಜೆ ಹೊತ್ತಿನಲ್ಲಿ ಗಂಡ ಎಲ್ಲಿರುತ್ತಾನೆ ಎಂದು ಗೊತ್ತಿಲ್ಲದ ಹೆಂಗಸು ಕತ್ತಲಲ್ಲಿ ಮಲಗಿ ಏನೇನು ಯೋಚಿಸಿರಬಹುದು, ನೀವೇ ಹೇಳಿ. ಕುಡಿತ ಇರಬಹುದು ಎಂದುಕೊಂಡಿರಬಹುದು. ಇಸ್ಪೀಟು, ಸಾಲ, ಇನ್ನೊಂದು ಹೆಣ್ಣು, ಎಲ್ಲವೂ ಬಂದುಹೋಗಿರುತ್ತದೆ. ನೀವು ಬಚ್ಚಿಟ್ಟಿರುವುದು ಕ್ಲಾಸಿನ ಒಂದು ನೋಟ್‌ಬುಕ್. ಅವರು ಅನುಭವಿಸುತ್ತಿರುವುದು ಅದಕ್ಕಿಂತ ಎಷ್ಟೋ ದೊಡ್ಡದು.

ಒಳ್ಳೆಯದಕ್ಕೆ ಹೇಳಿದ ಸುಳ್ಳು ತಪ್ಪಾ ಎಂದು ಕೇಳಿದ್ದೀರಿ. ಈ ಸುಳ್ಳು ತಪ್ಪೇ. ನೀವು ಕೆಟ್ಟವರು ಅನ್ನುವ ಕಾರಣಕ್ಕಲ್ಲ. ಕ್ಲಾಸಿಗೆ ನೆಪವಾಗಿ ಮನೆ ಕೆಲಸವನ್ನೇ ಹಿಡಿದುಕೊಂಡಿರಿ. ಹೆಂಚು ತಂದುಬಿಟ್ಟರೆ ಮರುದಿನ ತಡವಾಗಿ ಬರಲು ಕಾರಣವೇ ಇರುವುದಿಲ್ಲ, ಅಲ್ವಾ? ಬೇಕು ಅಂತ ಹೀಗೆ ಮಾಡಿದಿರಿ ಎನ್ನುತ್ತಿಲ್ಲ. ಆದರೆ ಹೆಂಚು ಸಿಗದೇ ಇದ್ದಷ್ಟು ದಿನ ನಿಮಗೆ ಅನುಕೂಲವೇ ಆಯಿತು. ವಾರಕ್ಕೆ ನಾಲ್ಕು ದಿನ ಒಂದೂವರೆ ಗಂಟೆ ಕ್ಲಾಸಿಗೆ ಹೋದರೆ ಒಂದು ಮಾಡು ಮೂರು ತಿಂಗಳು ನಿಲ್ಲುವುದಿಲ್ಲ. ಭಾನುವಾರಗಳು ಎಲ್ಲಿ ಹೋದವು? ನಿಮ್ಮ ಅಡುಗೆಮನೆ ಇನ್ನೂ ಟಾರ್ಪಾಲಿನ ಕೆಳಗೆ ಇರುವುದಕ್ಕೆ ಕಾರಣ ಟ್ಯಾಲಿ ಅಲ್ಲ, ಮುಚ್ಚುಮರೆ.

ನನ್ನದೇ ಒಂದು ವಿಷಯ ಹೇಳುತ್ತೇನೆ. ತೊಂಬತ್ತರ ದಶಕದಲ್ಲಿ ಸಾಕ್ಷರತಾ ಆಂದೋಲನ ಬಂದಾಗ ನಮ್ಮೂರ ಶಾಲೆಯಲ್ಲಿ ರಾತ್ರಿ ಪಾಠ ನಡೆಯುತ್ತಿತ್ತು. ನನ್ನ ಅಮ್ಮ ಹೋಗುತ್ತಿದ್ದಳು. ಮನೆಯಲ್ಲಿ ಮಾತ್ರ ಪಕ್ಕದ ಮನೆಗೆ ಅಡಿಕೆ ಸುಲಿಯಲು ಹೋಗುತ್ತೇನೆ ಎನ್ನುತ್ತಿದ್ದಳು. ಸುಗ್ಗಿ ಕಾಲ, ಯಾರಿಗೂ ಅನುಮಾನ ಬರಲಿಲ್ಲ. ನಾನೂ ಬರುತ್ತೇನೆ ಎಂದು ಹಿಂದೆ ಬಿದ್ದರೆ ಗದರಿಸಿ ಕಳಿಸುತ್ತಿದ್ದಳು. ಮೊದಲೆಲ್ಲ ಅಡಿಕೆ ಸುಲಿಯುವ ಕಡೆ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದವಳು. ಅಮ್ಮನಿಗೆ ನನ್ನ ಮೇಲೆ ಪ್ರೀತಿ ಹೋಗಿದೆ ಎಂದುಕೊಂಡೆ. ಜಗುಲಿಯಲ್ಲಿ ಮಲಗಿ ಸುಮ್ನೆ ಅಳುತ್ತಿದ್ದೆ. ಒಂದು ದಿನ ಸೌದೆ ಕೊಟ್ಟಿಗೆಯಲ್ಲಿ, ಗೋಣಿಚೀಲದ ಕೆಳಗೆ ಸ್ಲೇಟು ಸಿಕ್ಕಿತು. ಅದರ ಮೇಲೆ ನನ್ನ ಹೆಸರಿತ್ತು, ಒತ್ತಕ್ಷರ ತಪ್ಪಾಗಿ. ಅವತ್ತು ನನಗೆ ನಗು ಬರಲಿಲ್ಲ. ಎದೆ ಮೇಲಿನ ಕಲ್ಲು ಇಳಿದ ಹಾಗಾಯಿತು. ಅಮ್ಮನಿಗೆ ಓದಲು ಬರುವುದಿಲ್ಲ ಅನ್ನುವುದು ನನಗೆ ಯಾವತ್ತೂ ನೋವು ಕೊಟ್ಟಿರಲಿಲ್ಲ. ನನ್ನನ್ನು ಹೊರಗಿಟ್ಟಿದ್ದು ಕೊಟ್ಟಿತ್ತು.

ಆದ್ದರಿಂದ ಮಗಳ ಬಗ್ಗೆ ನಿಮಗಿರುವ ಭಯವನ್ನು ನಾನು ಒಪ್ಪುವುದಿಲ್ಲ. ಟ್ಯಾಲಿ ಹೇಗೆ ಹುಟ್ಟಿತು ಎಂದು ನಿಮ್ಮ ಕ್ಲಾಸಿನಲ್ಲಿ ಹೇಳಿದ್ದಾರೋ ಇಲ್ಲವೋ. ಶ್ಯಾಮ್ ಸುಂದರ್ ಗೋಯೆಂಕಾ ಎಂಬ ಉದ್ಯಮಿಗೆ ತಮ್ಮ ವ್ಯಾಪಾರದ ಲೆಕ್ಕಕ್ಕೆ ಹೊಂದುವ ಸಾಫ್ಟ್‌ವೇರ್ ಬೇಕಿತ್ತು. ಮಗ ಭರತ್‌ಗೆ ಹೇಳಿದರು. ಮಗ ಬರೆದುಕೊಟ್ಟ. 1986ರಲ್ಲಿ ಶುರುವಾದ ಆ ಕಂಪನಿ ಇವತ್ತಿಗೂ ನಮ್ಮ ಬೆಂಗಳೂರಿನಲ್ಲೇ ಇದೆ. ಅಪ್ಪನ ಲೆಕ್ಕಕ್ಕೆ ಮಗ ಕೂತಿದ್ದರಿಂದ ಆಗಿದ್ದು ಅದು. ನಿಮ್ಮ ಲೆಕ್ಕಕ್ಕೆ ನಿಮ್ಮ ಮಗಳು ಯಾಕೆ ಕೂರಬಾರದು? ಅವಳು ಓದುತ್ತಿರುವುದೂ ಅಕೌಂಟೆನ್ಸಿಯೇ. ಅವಳಿಗೆ ಪುಸ್ತಕದ ಲೆಕ್ಕ ಗೊತ್ತು, ಮಂಡಿ ಗೊತ್ತಿಲ್ಲ. ನಿಮಗೆ ಮಂಡಿ ಗೊತ್ತು.

ಆ ನಕ್ಕ ಹುಡುಗನ ವಿಷಯಕ್ಕೂ ಇದೇ ಮಾತು. ಮೌಸ್ ಒಂದು ತಿಂಗಳಲ್ಲಿ ಕೈಗೆ ಹತ್ತುತ್ತದೆ. ಜಮಾ ಯಾವುದು, ಖರ್ಚು ಯಾವುದು ಎಂದು ಒಳಗಿನಿಂದ ತಿಳಿಯಲು ವರ್ಷಗಳೇ ಬೇಕು. ರೈತನಿಗೆ ಮಳೆಗಾಲದಲ್ಲಿ ಕೊಟ್ಟ ಮುಂಗಡ ಸುಗ್ಗಿಯಲ್ಲಿ ಅವನ ಅಡಿಕೆ ದುಡ್ಡಿನಲ್ಲಿ ಹೇಗೆ ವಜಾ ಆಗುತ್ತದೆ, ಹಮಾಲಿ ಎಲ್ಲಿ ಕಳೆಯಬೇಕು, ರಾಶಿ, ಬೆಟ್ಟೆ, ಗೊರಬಲು ಎಂಬ ಅಡಿಕೆ ಬಗೆಗಳನ್ನು ಬೇರೆ ಬೇರೆ ಯಾಕೆ ಬರೆಯಬೇಕು, ಇದೆಲ್ಲ ನಿಮಗೆ ನಿದ್ದೆಯಲ್ಲೂ ಗೊತ್ತು. ಟ್ಯಾಲಿಯಲ್ಲಿ ಎಫ್5 ಒತ್ತಿದರೆ ದುಡ್ಡು ಕೊಟ್ಟಿದ್ದು, ಎಫ್6 ಒತ್ತಿದರೆ ದುಡ್ಡು ಬಂದಿದ್ದು, ಎಫ್8 ಮಾರಾಟ, ಎಫ್9 ಖರೀದಿ. ನಿಮ್ಮ ಕಿರ್ದಿಯೇ ತಾನೇ ಅದು? ಆ ಹುಡುಗರು ಕೀಲಿ ಕಲಿತಿದ್ದಾರೆ. ಕೀಲಿಯ ಹಿಂದಿನ ವ್ಯವಹಾರ ನೀವು 22 ವರ್ಷ ಮಾಡಿದ್ದೀರಿ. ಜಿಎಸ್‌ಟಿ ಬಂದಿದ್ದು 2017ರ ಜುಲೈ 1ಕ್ಕೆ. ಮಾಲು ಸಾಗಿಸಲು ಬೇಕಾದ ಇ-ವೇ ಬಿಲ್ 2018ರ ಏಪ್ರಿಲ್‌ನಿಂದ. ಐವತ್ತು ಸಾವಿರ ದಾಟಿದ ಮಾಲಿಗೆ ಅದು ಬೇಕು, ಅಂದರೆ ಎರಡು ಕ್ವಿಂಟಾಲ್ ರಾಶಿ ಅಡಿಕೆ ಹೊರಟರೂ ಬೇಕು. ಮಂಡಿ ಬದಲಾಯಿತು, ನೀವು ಕಲಿಯಲು ಹೊರಟಿರಿ. ಇದರಲ್ಲಿ ನಾಚಿಕೆಪಡುವುದು ಏನಿದೆ?

ನನಗೆ ಆಶ್ಚರ್ಯವಾಗಿದ್ದು ಇನ್ನೊಂದು. ಹೆಂಡತಿ ಸಂಘದ ಲೆಕ್ಕ ಬರೆಯುತ್ತಾರೆ ಎಂದು ನೀವೇ ಬರೆದಿದ್ದೀರಿ. ಉಳಿತಾಯ, ಸಾಲ, ಬಡ್ಡಿ, ಸಭೆಯ ನಡಾವಳಿ, ಎಲ್ಲ. ಲೆಕ್ಕ ಕಲಿಯುವ ಕಷ್ಟ ಏನು ಎಂದು ನಿಮ್ಮ ಮನೆಯಲ್ಲಿ ಯಾರಿಗಾದರೂ ಚೆನ್ನಾಗಿ ಗೊತ್ತಿದ್ದರೆ ಅದು ಅವರಿಗೆ. ಅವರಿಂದಲೇ ಮುಚ್ಚಿಟ್ಟಿದ್ದೀರಿ. ಮೊದಲು ಅವರಿಗೆ ಹೇಳಿ, ಆಮೇಲೆ ಮಗಳಿಗೆ. ಈ ಕ್ರಮ ತಪ್ಪಿಸಬೇಡಿ. ಮಗಳ ಬಾಯಿಂದ ಗೊತ್ತಾದರೆ ಅದು ಎರಡನೇ ಗಾಯ.

ಹೇಗೆ ಹೇಳುವುದು? ಊಟ ಆದ ಮೇಲೆ ನೋಟ್‌ಬುಕ್ ತಂದು ಅವರ ಮುಂದೆ ಇಡಿ. ‘ನಾನು ಹೆಂಚು ನೋಡೋಕೆ ಹೋಗ್ತಿರಲಿಲ್ಲ, ಇದಕ್ಕೆ ಹೋಗ್ತಿದ್ದೆ. ಹೇಳೋಕೆ ನಾಚಿಕೆ ಆಯ್ತು’ ಎನ್ನಿ. ಅಷ್ಟೇ. ‘ನಿಮಗೋಸ್ಕರವೇ ಮಾಡಿದ್ದು’ ಅನ್ನುವ ಮಾತು ಬೇಡವೇ ಬೇಡ. ಅದು ನಿಜವೇ ಇರಬಹುದು, ಆದರೆ ಆ ಹೊತ್ತಿನಲ್ಲಿ ಅವರ ಬಾಯಿ ಕಟ್ಟಿದ ಹಾಗಾಗುತ್ತದೆ. ಅವರು ಬೈಯಬಹುದು, ಅಳಬಹುದು, ಎರಡು ದಿನ ಮಾತೇ ಆಡದೆ ಇರಬಹುದು. ತಡೆದುಕೊಳ್ಳಿ. ಮೂರು ತಿಂಗಳು ಅವರು ತಡೆದುಕೊಂಡಿದ್ದಾರೆ.

ಇನ್ನು ಮಾಡಿನ ವಿಷಯ. ಮೇ ಶುರುವಾಗಿದೆ. ಮೃಗಶಿರ ಮಳೆ ಹಿಡಿಯುವುದು ಜೂನ್ 8ರ ಸುಮಾರಿಗೆ. ಅಷ್ಟರಲ್ಲಿ ಅಡುಗೆಮನೆಯ ಮೇಲೆ ಹೆಂಚು ಕೂತಿರಬೇಕು. ನಮ್ಮ ಕಡೆಯ ಗಾಳಿಮಳೆಗೆ ಟಾರ್ಪಾಲ್ ಎಷ್ಟು ದಿನ ತಡೆಯುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಒಲೆ ಮೇಲೆ ನೀರು ಬಿದ್ದರೆ ಅದನ್ನು ಒರೆಸುವವರು ನಿಮ್ಮ ಹೆಂಡತಿ. ಕ್ಲಾಸಿನ ಸರ್ ಹತ್ತಿರ ವಿಷಯ ಹೇಳಿ ಎರಡು ವಾರ ರಜೆ ಕೇಳಿ. ಕಾಲೇಜು ಹುಡುಗರಿಗಿಂತ ಇಂಥ ಕಾರಣ ಹೇಳುವವರಿಗೆ ಸರ್‌ಗಳು ಬೇಗ ಒಪ್ಪುತ್ತಾರೆ. ಆ ಎರಡು ವಾರ ಪಾಠ ಪೂರ್ತಿ ನಿಲ್ಲಬೇಕಿಲ್ಲ. ಟ್ಯಾಲಿಗೆ ದುಡ್ಡಿಲ್ಲದ ಎಜುಕೇಶನ್ ಮೋಡ್ ಇದೆ. ಅದರಲ್ಲಿ ತಿಂಗಳ 1, 2 ಮತ್ತು 31ನೇ ತಾರೀಕಿಗೆ ಮಾತ್ರ ಎಂಟ್ರಿ ಹಾಕಬಹುದು, ಅಭ್ಯಾಸಕ್ಕೆ ಅಷ್ಟು ಸಾಕು. ಮಂಡಿಯ ಕಂಪ್ಯೂಟರಿನಲ್ಲಿ ಬೆಳಗ್ಗೆ ಅರ್ಧ ಗಂಟೆ ಕೂರುತ್ತೇನೆ ಎಂದು ಸಾಹುಕಾರರನ್ನೇ ಕೇಳಿ. ಕಲಿಯಬೇಕು ಎಂದವರು ಅವರೇ ತಾನೇ?

ಹೆಂಚು ಪೂರ್ತಿ ಹೊಸದೇ ಬೇಕು ಎಂದುಕೊಳ್ಳಬೇಡಿ. ಇಳಿಸಿಟ್ಟ ಹಳೇ ಹೆಂಚನ್ನು ಒಂದೊಂದೇ ಎತ್ತಿ ಬೆರಳಿನಿಂದ ತಟ್ಟಿ. ಗಟ್ಟಿ ಹೆಂಚು ಠಣ್ ಎನ್ನುತ್ತದೆ, ಬಿರುಕು ಬಿಟ್ಟಿದ್ದು ಮಂಕಾಗಿ ಸದ್ದು ಮಾಡುತ್ತದೆ. ಒಳ್ಳೆಯದನ್ನು ಉಳಿಸಿಕೊಂಡು ಕಡಿಮೆ ಬಿದ್ದಷ್ಟು ಮಾತ್ರ ತನ್ನಿ. ಮಂಗಳೂರು ಹೆಂಚಾದರೆ ನೂರು ಚದರ ಅಡಿ ಮಾಡಿಗೆ ಸುಮಾರು 150 ಬೇಕು. ಮಾಡಿನ ಇಳಿಜಾರನ್ನು ಅಳೆಯಿರಿ, ಕೆಳಗಿನ ನೆಲವನ್ನಲ್ಲ. ಹೆಂಚು ಹೊರುವ ಇಳಿಜಾರಿನ ಮರ, ಅಂದರೆ ಪಕಾಸಿ, ಗೋಡೆ ಮೇಲೆ ಕೂರುವ ತುದಿ ಮೊದಲು ಕುಂಬಾಗುತ್ತದೆ, ಅಲ್ಲಿ ನೋಡಿ. ಹೊಸ ಮರ ಏರಿಸುವ ಮೊದಲು ಗೇರು ಎಣ್ಣೆ ಹೊಡೆಸಿ, ಏರಿಸಿದ ಮೇಲೆ ಆ ತುದಿಗೆ ಕೈ ಹೋಗುವುದಿಲ್ಲ. ಆಚಾರಿಯನ್ನು ನೀವೇ ಹೋಗಿ ಕರೆಯಿರಿ. ಕಾಯಿಸಿದ್ದು ನೀವು, ಫೋನಿನಲ್ಲಿ ಕರೆದರೆ ಸರಿಯಾಗುವುದಿಲ್ಲ.

ಮನೆಯ ಬೇರೆ ಕೆಲಸ ಏನೇ ಇರಲಿ, ನೆಲಕ್ಕೆ ಟೈಲ್ಸ್, ಬಚ್ಚಲುಮನೆ, ಬಣ್ಣ, ಅದೆಲ್ಲ ದೀಪಾವಳಿ ಕಳೆದ ಮೇಲೆ. ಅವುಗಳಿಗೆ ಮಳೆಯ ಗಡುವಿಲ್ಲ.

ಹೆಂಚು ಕೊಳ್ಳುವ ಕೆಲಸವನ್ನು ಮಾತ್ರ ನೀವೊಬ್ಬರೇ ಮಾಡಬೇಡಿ. ಒಂದು ಭಾನುವಾರ ಹೆಂಡತಿಯನ್ನು ಕರೆದುಕೊಂಡು ಹೋಗಿ. ಎಷ್ಟು ಬೇಕು, ಎಷ್ಟು ದುಡ್ಡು, ಸಾಗಣೆ ಎಷ್ಟು, ಎಲ್ಲ ಅವರೇ ಬರೆದುಕೊಳ್ಳಲಿ. ಮೂರು ತಿಂಗಳು ‘ಹೆಂಚು’ ಅನ್ನುವ ಮಾತಿಗೆ ಅವರ ಕಿವಿಯಲ್ಲಿ ಸುಳ್ಳು ಎಂದೇ ಅರ್ಥವಾಗಿತ್ತು. ಹೆಂಚನ್ನು ಅವರೇ ಮುಟ್ಟಿ, ತಟ್ಟಿ, ಆರಿಸಿ ತರಲಿ. ಮನೆಗೆ ಬಂದ ಮೇಲೆ ಆ ಚೀಟಿಯನ್ನು ಇಟ್ಟುಕೊಂಡು ಮಗಳ ಜೊತೆ ಕೂತು ಎಫ್9ರಲ್ಲಿ ಎಂಟ್ರಿ ಹಾಕಿ. ನಿಮ್ಮದೇ ಮನೆಯ ಖರೀದಿ, ಇದಕ್ಕಿಂತ ಒಳ್ಳೆಯ ಅಭ್ಯಾಸ ಯಾವ ಕ್ಲಾಸಿನಲ್ಲೂ ಸಿಗುವುದಿಲ್ಲ.

ಎರಡು ವಾರ ಕಳೆದು ಮತ್ತೆ ಕ್ಲಾಸಿಗೆ ಹೋಗುವ ದಿನ, ಮಂಡಿಯಿಂದ ಹೊರಡುವ ಮೊದಲು ಮನೆಗೆ ಫೋನ್ ಮಾಡಿ. ಊಟಕ್ಕೆ ಕಾಯಿ ಎಂದು ಹೇಳಬೇಡಿ, ಕಾಯುವುದು ಬಿಡುವುದು ಅವರಿಗೆ ಬಿಟ್ಟಿದ್ದು. ‘ಕ್ಲಾಸಿಗೆ ಹೋಗ್ತಿದ್ದೀನಿ, ಎಂಟೂವರೆಗೆ ಮನೆಯಲ್ಲಿರ್ತೀನಿ’ ಎಂದಷ್ಟೇ ಹೇಳಿ. ಎಂಟೂವರೆಗೆ ಮನೆಯಲ್ಲಿರಿ.